ಬಾನ್‌ನಲ್ಲಿ ಗೆಳತಿ ಮನೆ, ಜೊತೆಗೆ ಪ್ಯಾರಿಸ್, ಸ್ವಿಟ್ಜರ್ಲೆಂಡ್: 15 ದಿನಕ್ಕೆ ಎಷ್ಟು ಊರು ನೋಡಬಹುದು?

ಬೆಣ್ಣೆದೋಸೆ ಊರಿನವಳು

ಎಲ್ಲರಿಗೂ ನಮಸ್ಕಾರ. ಮುಂದಿನ ಬೇಸಿಗೆ ರಜೆಯಲ್ಲಿ ಯುರೋಪಿಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ನಾನು, ನಮ್ಮ ಯಜಮಾನರು, 13 ವರ್ಷದ ಮಗಳು, 9 ವರ್ಷದ ಮಗ, 68 ವರ್ಷದ ಅತ್ತೆ. ಏಪ್ರಿಲ್ ಕೊನೆಯ ವಾರದಿಂದ 15 ದಿನ.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲೇ ಇದ್ದ ಗೆಳತಿ ಈಗ ಜರ್ಮನಿಯ ಬಾನ್‌ನಲ್ಲಿದ್ದಾಳೆ. ಅವಳನ್ನು ನೋಡಿ 11 ವರ್ಷ ಆಯಿತು. ಯಜಮಾನರ ಹಳೇ ಗೆಳೆಯರೊಬ್ಬರು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದಾರೆ. ಎರಡೂ ಮನೆಯವರು ಬನ್ನಿ ಬನ್ನಿ ಅಂತ ಎಷ್ಟೋ ವರ್ಷದಿಂದ ಕರೆಯುತ್ತಿದ್ದಾರೆ.

ನಾವು ಬರೆದಿಟ್ಟಿರುವ ಪಟ್ಟಿ: ಪ್ಯಾರಿಸ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್, ಕಲೋನ್, ಸ್ವಿಟ್ಜರ್ಲೆಂಡ್, ವೆನಿಸ್, ರೋಮ್. ಒಂದು ಟೂರ್ ಕಂಪನಿಯವರು 12 ದಿನದಲ್ಲಿ ಇಷ್ಟನ್ನೂ ತೋರಿಸುತ್ತೇವೆ, ಆಮೇಲೆ ಉಳಿದ ದಿನ ಗೆಳೆಯರ ಮನೆಗೆ ಹೋಗಿ ಅಂತಿದ್ದಾರೆ. ಅತ್ತೆಗೆ ಮಂಡಿ ನೋವಿದೆ, ಮೆಟ್ಟಿಲು ಜಾಸ್ತಿ ಆಗಲ್ಲ. ಟೂರ್ ಜೊತೆ ಹೋಗೋದಾ, ನಾವೇ ಹೋಗೋದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಒಂಟಿಕೊಪ್ಪಲು

ನಿಮ್ಮ ಪಟ್ಟಿ ನೋಡಿದ ಕೂಡಲೇ ನಮ್ಮ 2017ರ ಪ್ರವಾಸ ನೆನಪಾಯಿತು. ಅದನ್ನು ಹೇಳಿಬಿಡುತ್ತೇನೆ.

ಆಗ ನಾವು ಒಂದು ಟೂರ್ ಕಂಪನಿ ಜೊತೆ ಹೋಗಿದ್ದೆವು. 11 ದಿನ, 7 ದೇಶ. ನನ್ನ ಹೈಸ್ಕೂಲ್ ಗೆಳೆಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ನಮ್ಮ ಬಸ್ಸು ಒಂದು ರಾತ್ರಿ ಹೈಡೆಲ್‌ಬರ್ಗ್ ಪಕ್ಕದ ಹೋಟೆಲಿನಲ್ಲಿ ತಂಗುತ್ತದೆ ಅಂತ ತಿಳಿದು, ಹೆಂಡತಿ ಮಗುವನ್ನು ಕರೆದುಕೊಂಡು ಸುಮಾರು 120 ಕಿ.ಮೀ. ಕಾರು ಓಡಿಸಿಕೊಂಡು ಬಂದ. ನಮ್ಮ ಬಸ್ಸು ತಡ. ರಾತ್ರಿ ಹತ್ತಕ್ಕೆ ಇಳಿದರೆ ಅವರು ಪಾರ್ಕಿಂಗ್ ಜಾಗದಲ್ಲಿ ಕಾಯುತ್ತಾ ನಿಂತಿದ್ದರು. ಮಗು ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಿತ್ತು. ಅವನ ಹೆಂಡತಿ ಹಾಟ್‌ಬಾಕ್ಸಿನಲ್ಲಿ ಬಿಸಿಬೇಳೆಬಾತ್ ತಂದಿದ್ದರು, ಮೆತ್ತಗಾಗಬಾರದು ಅಂತ ಖಾರಾಬೂಂದಿ ಬೇರೆ ಪೊಟ್ಟಣದಲ್ಲಿ. ಕಾರಿನ ಡಿಕ್ಕಿ ತೆರೆದು ಅಲ್ಲೇ ನಿಂತು ತಿಂದೆವು. ಗೆಳೆಯ, "ಅಪ್ಪ ಹೋದಾಗ ನಾನು ಬರೋ ಹೊತ್ತಿಗೆ ನೀನೇ ಎಲ್ಲಾ..." ಅಂತ ಶುರು ಮಾಡಿದ. ಅಷ್ಟರಲ್ಲಿ ಟೂರ್ ಮ್ಯಾನೇಜರ್ ಬಂದು, ಬೆಳಿಗ್ಗೆ ಐದೂವರೆಗೆ ಲಗೇಜು ಬಾಗಿಲಾಚೆ ಇಡಬೇಕು, ರೂಮ್ ಕೀ ತಗೊಳ್ಳಿ ಅಂದರು. ಒಟ್ಟು ನಲವತ್ತು ನಿಮಿಷ. ಆ ಮಾತು ಅರ್ಧಕ್ಕೇ ನಿಂತಿತು.

2024ರಲ್ಲಿ ಮತ್ತೆ ಹೋದೆವು, ನಮ್ಮಷ್ಟಕ್ಕೆ ನಾವೇ. ಅವನ ಮನೆಯಲ್ಲಿ 7 ದಿನ ಇದ್ದೆವು. ಮೂರನೇ ದಿನ ರಾತ್ರಿ ಊಟ ಆಗಿ ಎಲ್ಲರೂ ಮಲಗಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ, ಅವನು ಒರೆಸಿ ಇಡುತ್ತಿದ್ದ. ಆಗ ಆ ಮಾತನ್ನು ಅವನೇ ಮತ್ತೆ ಎತ್ತಿದ. ರಾತ್ರಿ ಎರಡಾಯಿತು ಮಲಗುವಾಗ.

ಅದಕ್ಕೇ ಹೇಳುತ್ತೇನೆ, ಮೊದಲು ಗೆಳತಿಯ ಮನೆಯ ದಿನಗಳನ್ನು ಗುರುತು ಮಾಡಿ. ಉಳಿದ ದಿನಕ್ಕೆ ಊರುಗಳನ್ನು ಹೊಂದಿಸಿ. ಉಳಿದ ದಿನ ಗೆಳೆಯರ ಮನೆ ಅಂತ ಇಟ್ಟುಕೊಂಡರೆ ಆ ದಿನ ಉಳಿಯುವುದೇ ಇಲ್ಲ. ಬಾನ್ ನಿಮಗೆ ತುಂಬಾ ಅನುಕೂಲದ ಜಾಗ. ಅಲ್ಲಿಂದ ಕಲೋನ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಕಲೋನ್‌ನಿಂದ ಪ್ಯಾರಿಸ್‌ಗೆ ನೇರ ರೈಲು, ಮೂರೂಕಾಲು ಮೂರೂವರೆ ಗಂಟೆ. ಉಟ್ರೆಕ್ಟ್‌ಗೂ ನೇರ ರೈಲು, ಎರಡೂಕಾಲು ಗಂಟೆ ಆಸುಪಾಸು. ವೆನಿಸ್, ರೋಮ್ ಬಿಟ್ಟುಬಿಡಿ. ಇಟಲಿಗೆ ಇನ್ನೊಂದು ಸಲ ಹೋದರೆ ಆಯಿತು.

ಬಾನ್ 6 ರಾತ್ರಿ, ಪ್ಯಾರಿಸ್ 3, ಉಟ್ರೆಕ್ಟ್ 3, ಸ್ವಿಟ್ಜರ್ಲೆಂಡ್ 3. ನಾನಾದರೆ ಹೀಗೆ ಮಾಡುತ್ತಿದ್ದೆ.

ತುಂಗಾತೀರ

ಒಂಟಿಕೊಪ್ಪಲು ಅವರ ಮಾತು ಮನಸ್ಸಿಗೆ ತಟ್ಟಿತು. ಆದರೂ ಇನ್ನೊಂದು ಮಾತು ಹೇಳಬೇಕು. ನನ್ನ ಅಪ್ಪ-ಅಮ್ಮ ಟೂರ್ ಜೊತೆಯೇ ಹೋಗಿ ಬಂದರು. ಅಪ್ಪನಿಗೆ ಆಗ 74. ಜೀವಮಾನದಲ್ಲಿ ಒಂದೇ ಸಲ ಹೋಗೋದು, ರೋಮ್ ನೋಡದೆ ಬರಲ್ಲ ಅಂತ ಹಟ ಹಿಡಿದಿದ್ದರು. ಮೇಷ್ಟರಾಗಿದ್ದವರು, 30 ವರ್ಷ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವರು. ಕೊಲೋಸಿಯಂ ಮುಂದೆ ನಿಂತು ನನಗೆ ವಿಡಿಯೊ ಕಾಲ್ ಮಾಡಿದರು. ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ದಿನಾ ಮಧ್ಯಾಹ್ನ, ರಾತ್ರಿ ಅನ್ನ-ಸಾರು ಸಿಕ್ಕಿತು. ಬಸ್ಸು ಬಾಗಿಲಿಗೇ ಬರುತ್ತಿತ್ತು. ಭಾಷೆ, ಟಿಕೆಟ್, ಪ್ಲಾಟ್‌ಫಾರ್ಮ್ ಯಾವ ತಲೆನೋವೂ ಇರಲಿಲ್ಲ. ವಯಸ್ಸಾದವರಿಗೆ ಅದೇ ದೊಡ್ಡ ನೆಮ್ಮದಿ.

ನಿಮ್ಮ ಅತ್ತೆಯವರನ್ನೂ ಒಂದು ಮಾತು ಕೇಳಿ. ಅವರಿಗೆ ಏನು ನೋಡುವ ಆಸೆ ಇದೆ ಅಂತ.

ಒಂಟಿಕೊಪ್ಪಲು

ಒಪ್ಪುತ್ತೇನೆ ಸರ್. ಅಲ್ಲಿ ಗೊತ್ತಿರುವವರು ಯಾರೂ ಇಲ್ಲ ಅಂದಿದ್ದರೆ ನಾನೂ ಟೂರೇ ಸರಿ ಅನ್ನುತ್ತಿದ್ದೆ. ಇವರಿಗೆ ಎರಡು ಮನೆ ಬಾಗಿಲು ತೆಗೆದು ಕಾಯುತ್ತಿವೆ, ಅದಕ್ಕೇ ಹಾಗೆ ಹೇಳಿದ್ದು. ಅತ್ತೆಯವರನ್ನು ಕೇಳಿ ಅಂದಿರಲ್ಲ, ಅದು ನನಗೆ ಹೊಳೆದೇ ಇರಲಿಲ್ಲ.

ರೈನ್ ದಂಡೆ

ನಾನು ಕಲೋನ್ ಪಕ್ಕದಲ್ಲೇ ಇರುವವಳು, 18 ವರ್ಷ ಆಯಿತು. ಊರಿಂದ ಬಂದವರನ್ನು ಮನೆಯಲ್ಲಿ ಇಟ್ಟುಕೊಳ್ಳುವವರ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ನೀವು ಬರುತ್ತೀರಿ ಅಂತ ಗೊತ್ತಾದ ದಿನದಿಂದ ನಿಮ್ಮ ಗೆಳತಿಗೆ ಹಬ್ಬ. ಹಾಸಿಗೆ ಎಷ್ಟು, ದಿಂಬು ಎಷ್ಟು ಅಂತ ಲೆಕ್ಕ ಹಾಕುತ್ತಿರುತ್ತಾಳೆ. ಇಲ್ಲಿ ಕೆಲಸದವರು ಇರುವುದಿಲ್ಲ. ಇಡ್ಲಿ ಹಿಟ್ಟು ಉಬ್ಬಬೇಕು ಅಂದರೆ ಹಿಂದಿನ ರಾತ್ರಿ ಓವನ್ ಒಳಗಿಟ್ಟು ಬರೀ ದೀಪ ಉರಿಸಿ ಬಿಡಬೇಕು. ಏಪ್ರಿಲ್‌ನಲ್ಲಿ ಇನ್ನೂ ಚಳಿ ಇರುತ್ತದೆ. ಹಾಗಾಗಿ ಐದು ಜನ ಹೋದಾಗ ಅಡುಗೆಗೆ, ಪಾತ್ರೆಗೆ ಕೈ ಜೋಡಿಸಿ. ರಜೆ ಎಷ್ಟು ದಿನ ಸಿಗುತ್ತದೆ ಅಂತ ಈಗಲೇ ಕೇಳಿ. ನಾವು ವರ್ಷದ ಶುರುವಿನಲ್ಲೇ ರಜೆ ಬರೆದುಕೊಡಬೇಕು, ಕೊನೆ ಗಳಿಗೆಯಲ್ಲಿ ಕೇಳಿದರೆ ಸಿಗುವುದು ಕಷ್ಟ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮೇ 1 ಕೂಡ ರಜೆ. ಹಾಲು, ತರಕಾರಿ ಹಿಂದಿನ ದಿನವೇ ತಂದಿಟ್ಟುಕೊಳ್ಳಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿ ಬಿಸಾಡಬೇಡಿ, ಅಂಗಡಿಯ ಮಶೀನಿಗೆ ವಾಪಸ್ ಹಾಕಿದರೆ ಒಂದಕ್ಕೆ 25 ಸೆಂಟ್ ಸಿಗುತ್ತದೆ. ನಮ್ಮನೆಗೆ ಬಂದ ಮಕ್ಕಳೆಲ್ಲಾ ಅದೇ ಕೆಲಸ ಕೇಳಿ ಮಾಡುತ್ತಾರೆ.

ಈಗ ಕಲೋನ್ ಕ್ಯಾಥೆಡ್ರಲ್. ಇದಕ್ಕೆ ಒಂದು ಅರ್ಧ ದಿನ ಇಡಿ, ಓಡಬೇಡಿ. ರೈಲ್ವೆ ಸ್ಟೇಷನ್ ಬಾಗಿಲು ದಾಟಿದರೆ ಎದುರಿಗೇ ನಿಂತಿದೆ, 157 ಮೀಟರ್ ಎತ್ತರ. ಕತ್ತು ಎತ್ತಿದಷ್ಟೂ ಮೇಲಕ್ಕೆ ಹೋಗುತ್ತಲೇ ಇರುತ್ತದೆ. 1248ರಲ್ಲಿ ಕಟ್ಟಲು ಶುರು ಮಾಡಿ 1880ರಲ್ಲಿ ಮುಗಿಸಿದರು. ನಡುವೆ ಸುಮಾರು 300 ವರ್ಷ ಕೆಲಸ ನಿಂತೇ ಹೋಗಿತ್ತು. ಅರ್ಧ ಎದ್ದ ಗೋಪುರದ ಮೇಲೆ ಕಲ್ಲು ಎತ್ತುವ ಮರದ ಕ್ರೇನ್ ಹಾಗೇ ನಿಂತಿತ್ತು. ಅದನ್ನೇ ನೋಡುತ್ತಾ ಎಷ್ಟೋ ತಲೆಮಾರು ಹುಟ್ಟಿ ಬೆಳೆದು ಹೋದವು. ಈಗ ದಕ್ಷಿಣದ ಗೋಪುರಕ್ಕೆ 533 ಮೆಟ್ಟಿಲು ಹತ್ತಬಹುದು. ಸುರುಳಿ ಮೆಟ್ಟಿಲು, ಹತ್ತುವವರೂ ಇಳಿಯುವವರೂ ಅದರಲ್ಲೇ. ಮಕ್ಕಳು, ಯಜಮಾನರು ಹತ್ತಲಿ. ಅತ್ತೆ ಒಳಗೆ ಬೆಂಚಿನ ಮೇಲೆ ಕೂರಲಿ. ಬಿಸಿಲು ಬಂದರೆ ಬಣ್ಣದ ಗಾಜಿನ ಬೆಳಕು ನೆಲದ ಮೇಲೆ ಬೀಳುತ್ತದೆ. ನನ್ನ ಅಮ್ಮ ಬಂದಾಗ ಅಲ್ಲಿ ಒಂದು ಗಂಟೆ ಸುಮ್ನೆ ಕೂತಿದ್ದರು. ಏನಮ್ಮಾ ಅಂದರೆ, "ಗರ್ಭಗುಡಿ ಮುಂದೆ ಕೂತ ಹಾಗೇ ಇದೆ ಕಣೇ" ಅಂದರು.

ಬಾನ್‌ನಲ್ಲಿ ಬೀಥೋವನ್ ಹುಟ್ಟಿದ ಮನೆ ಇದೆ. ಮಕ್ಕಳು ಸಂಗೀತ ಕಲಿಯುತ್ತಿದ್ದರೆ ತೋರಿಸಿ. ಪಕ್ಕದ ಕ್ಯೋನಿಗ್ಸ್‌ವಿಂಟರ್‌ನಿಂದ ಡ್ರಾಖೆನ್‌ಫೆಲ್ಸ್ ಬೆಟ್ಟಕ್ಕೆ 1883ರ ಹಲ್ಲುಗಾಲಿ ರೈಲು ಹೋಗುತ್ತದೆ. ಅತ್ತೆ ನಡೆಯಬೇಕಾಗಿಲ್ಲ. ಮೇಲಿಂದ ರೈನ್ ನದಿ ಪೂರ್ತಿ ಕಾಣುತ್ತದೆ.

ಬೆಣ್ಣೆದೋಸೆ ಊರಿನವಳು

ಓದುತ್ತಾ ಕಣ್ಣು ಒದ್ದೆಯಾಯಿತು. ಅತ್ತೆಯನ್ನು ಕೇಳಿದೆ. ಅವರು ಹೇಳಿದ್ದು ಎರಡೇ: ಹಿಮ ಕೈಯಲ್ಲಿ ಮುಟ್ಟಬೇಕು, ಟುಲಿಪ್ ಹೂವಿನ ತೋಟ ನೋಡಬೇಕು. ರೋಮ್ ಮಾತು ಅವರು ಎತ್ತಲೇ ಇಲ್ಲ.

ಇನ್ನು ಕೆಲವು ಪ್ರಶ್ನೆ. ವೀಸಾ ಯಾವ ದೇಶಕ್ಕೆ ಹಾಕಬೇಕು? ಗೆಳತಿ ಮನೆಯಲ್ಲಿ ಇರುವುದಾದರೆ ಏನು ಕಾಗದ ಬೇಕು? ಅವಳಿಗೆ ತುಪ್ಪ, ಧಾರವಾಡ ಪೇಡಾ, ಕರಿಬೇವು ತರುತ್ತೇನೆ ಅಂದಿದ್ದೆ.

ರೈನ್ ದಂಡೆ

ಮೊದಲು ತಿಂಡಿ ವಿಷಯ, ಯಾಕೆಂದರೆ ಇದರಲ್ಲಿ ಎಲ್ಲರೂ ಎಡವುತ್ತಾರೆ. ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯುರೋಪಿಯನ್ ಒಕ್ಕೂಟದ ಹೊರಗಿಂದ ತರುವ ಹಾಗಿಲ್ಲ. ತುಪ್ಪ ಬೇಡ. ಪೇಡಾ ಖೋವಾದ್ದು, ಅದೂ ಬೇಡ. ಕರಿಬೇವಿನ ಹಸಿ ಸೊಪ್ಪಿಗೆ ಗಿಡದ ಆರೋಗ್ಯದ ಸರ್ಟಿಫಿಕೇಟ್ ಬೇಕು, ಹಾಗಾಗಿ ಅದೂ ಬಿಡಿ. ಮಾವಿನಹಣ್ಣಿಗೂ ಅದೇ ನಿಯಮ. ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಅನಾನಸ್‌ಗೆ ಆ ಸರ್ಟಿಫಿಕೇಟ್ ಬೇಕಾಗಿಲ್ಲ. ಆದರೆ ಒಣಕೊಬ್ಬರಿ ಇಡಬೇಡಿ. ಅದರಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ ಅಂತ ನಮ್ಮ ವಿಮಾನ ನಿಲ್ದಾಣಗಳಲ್ಲೇ ತೆಗೆಸುತ್ತಾರೆ.

ಸಾರಿನ ಪುಡಿ, ಹುಳಿಪುಡಿ, ಶೇಂಗಾ ಚಟ್ನಿಪುಡಿ, ಹಪ್ಪಳ, ಸಂಡಿಗೆ ತನ್ನಿ. ಇಲ್ಲಿ ತೊಗರಿಬೇಳೆ, ಅಕ್ಕಿ, ರವೆ ಎಲ್ಲಾ ಸಿಗುತ್ತದೆ. ಮನೆಯ ಪುಡಿ ಮಾತ್ರ ಸಿಗಲ್ಲ.

ವೀಸಾ: ಷೆಂಗೆನ್ ವೀಸಾ ಒಂದಿದ್ದರೆ 29 ದೇಶಗಳಿಗೆ ಸಾಕು. ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಅಲ್ಲಿಗೇ ಅರ್ಜಿ ಹಾಕಬೇಕು. ನಿಮ್ಮದು ಜರ್ಮನಿ. ಹೊರಡುವ 6 ತಿಂಗಳ ಮುಂಚಿನಿಂದ ಹಾಕಬಹುದು. ತಡವೆಂದರೆ 15 ದಿನ ಮುಂಚೆ ಅಂತಿದೆ, ಅಲ್ಲಿವರೆಗೆ ಖಂಡಿತ ಕಾಯಬೇಡಿ. ಬೇಸಿಗೆ ರಜೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದವರಿಗೆ 45. ಅಂದರೆ ಮಗಳಿಗೆ ಪೂರ್ತಿ, ಮಗನಿಗೆ ಅರ್ಧ. ಅರ್ಜಿ ಕೇಂದ್ರದವರು ತಮ್ಮ ಶುಲ್ಕ ಬೇರೆ ತೆಗೆದುಕೊಳ್ಳುತ್ತಾರೆ. ಕನಿಷ್ಠ 30,000 ಯೂರೊ ಆಸ್ಪತ್ರೆ ಖರ್ಚಿಗೆ ಆಗುವ ಪ್ರಯಾಣ ವಿಮೆ ಕಡ್ಡಾಯ. ಅತ್ತೆಗೆ ಬಿ.ಪಿ., ಶುಗರ್ ಏನಾದರೂ ಇದ್ದರೆ ವಿಮೆಯಲ್ಲಿ ಮುಚ್ಚಿಡದೆ ಬರೆಸಿ.

ಖರ್ಚು ನೀವೇ ನೋಡಿಕೊಳ್ಳುವುದಾದರೆ ನಿಮ್ಮ ಬ್ಯಾಂಕ್ ಕಾಗದದ ಜೊತೆ ಗೆಳತಿಯ ಆಹ್ವಾನ ಪತ್ರ, ಅವಳ ವಿಳಾಸ, ಪಾಸ್‌ಪೋರ್ಟ್ ಮತ್ತು ವಾಸದ ಪರವಾನಗಿ ನಕಲು ಇಡಿ. ಖರ್ಚನ್ನು ಅವಳೇ ಹೊರುವುದಾದರೆ ಅವಳು ತನ್ನ ಊರಿನ ಕಚೇರಿಗೆ ಹೋಗಿ ಹೊಣೆ ಪತ್ರ ಮಾಡಿಸಬೇಕು. ಇನ್ನೊಂದು, 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಫೋಟೊ, ಬೆರಳಚ್ಚು ತೆಗೆಯುವ ಹೊಸ ವ್ಯವಸ್ಥೆ ಬಂದಿದೆ. ಮೊದಲ ಸಲ ಹೊತ್ತು ಹಿಡಿಯಬಹುದು. ವಿಮಾನ ಇಳಿದ ಒಂದೇ ಗಂಟೆಗೆ ರೈಲು ಬುಕ್ ಮಾಡಬೇಡಿ.

ಶಾಲ್ಮಲಾ

ಪ್ಯಾರಿಸ್ ಬಗ್ಗೆ ನಾನು ಹೇಳುತ್ತೇನೆ. ಇಬ್ಬರು ಮಕ್ಕಳ ಜೊತೆ ಹೋಗಿದ್ದೆವು.

ಐಫೆಲ್ ಟವರ್‌ನ ಲಿಫ್ಟ್ ಟಿಕೆಟ್ 60 ದಿನ ಮುಂಚೆ ಬಿಡುತ್ತಾರೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಸಿಗದಿದ್ದರೆ ಎರಡನೇ ಹಂತದವರೆಗೆ 674 ಮೆಟ್ಟಿಲು ಹತ್ತಬೇಕು, ಅತ್ತೆಗೆ ಆಗದು. ನನ್ನ ಕೇಳಿದರೆ ಹತ್ತುವುದಕ್ಕಿಂತ ರಾತ್ರಿ ದೂರದಿಂದ ನೋಡುವುದೇ ಚೆಂದ. ಕತ್ತಲಾದ ಮೇಲೆ ಪ್ರತಿ ಗಂಟೆಗೆ 5 ನಿಮಿಷ ಇಡೀ ಟವರ್ ಮಿನುಗುತ್ತದೆ. ಆದರೆ ಮೇ ಶುರುವಿನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಮೇಲೆ. ಮಗನಿಗೆ ಮಧ್ಯಾಹ್ನ ಒಂದು ನಿದ್ದೆ ಮಾಡಿಸಿ. ನನ್ನ ಮಗ ನದಿ ದಂಡೆಯ ಕಟ್ಟೆ ಮೇಲೆ ತೂಕಡಿಸುತ್ತಿದ್ದ. ದೀಪ ಹತ್ತಿಕೊಂಡಾಗ ಎದ್ದು ನಿಂತು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆ ಹಿಡಿತ ನನಗೆ ಇನ್ನೂ ನೆನಪಿದೆ.

ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ. 18ರೊಳಗಿನವರಿಗೆ ಟಿಕೆಟ್ ಇಲ್ಲ. ಮೋನಾ ಲಿಸಾ ಚಿತ್ರ ಬರೀ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲ, ಎದುರಿಗೆ ನೂರಾರು ಜನ. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಅದೇ ಕೋಣೆಯಲ್ಲಿ ಎದುರು ಗೋಡೆಗೆ ವೆರೊನೆಸೆಯ ಮದುವೆ ಊಟದ ಚಿತ್ರ ಇದೆ, ಸುಮಾರು 10 ಮೀಟರ್ ಅಗಲ. ಎಲ್ಲರೂ ಅದಕ್ಕೆ ಬೆನ್ನು ಹಾಕಿ ನಿಂತಿರುತ್ತಾರೆ. ನಿಮ್ಮ ಮಕ್ಕಳನ್ನು ತಿರುಗಿಸಿ ನಿಲ್ಲಿಸಿ. ಬಡಿಸುವವರು, ವಾದ್ಯದವರು, ನಾಯಿಗಳು, ಏಸು ನೀರನ್ನು ವೈನ್ ಮಾಡಿದ ಜಾಡಿ, ಎಲ್ಲಾ ಇದೆ. ಸಾಲು ಊಟದ ಮನೆ ನೋಡಿದ ಹಾಗಾಗುತ್ತದೆ.

ನೋತ್ರ್ ದಾಮ್ ಚರ್ಚ್ 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿತ್ತಲ್ಲ, 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ. ಒಳಗೆ ಹೋಗಲು ದುಡ್ಡಿಲ್ಲ. ತೊಳೆದ ಕಲ್ಲು ಈಗ ಬೆಳ್ಳಗೆ ಹೊಳೆಯುತ್ತದೆ.

ಮೆಟ್ರೊದಲ್ಲಿ ಪರ್ಸ್, ಫೋನ್ ಹುಷಾರು. ನಮ್ಮ ಯಜಮಾನರ ಜೇಬಿಂದ ಫೋನ್ ಹೋಯಿತು. ಆರು ದಿನದ ಫೋಟೊ ಅದರಲ್ಲೇ ಇದ್ದವು. ದಿನಾ ರಾತ್ರಿ ಇನ್ನೊಬ್ಬರ ಫೋನಿಗೆ ಕಳಿಸಿಟ್ಟುಬಿಡಿ. ಮೆಟ್ರೊದ ಎಷ್ಟೋ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ, ಬರೀ ಮೆಟ್ಟಿಲು. ಅತ್ತೆ ಜೊತೆ ಬಸ್ಸಿನಲ್ಲೇ ಓಡಾಡಿ. ಊರೂ ಕಾಣುತ್ತದೆ.

ಹೇಮಾವತಿ ಹಿನ್ನೀರು

ಅತ್ತೆಯವರ ಎರಡೂ ಆಸೆ ಈಡೇರುತ್ತದೆ ಅಂತ ಹೇಳಲು ಬಂದೆ.

ಟುಲಿಪ್: ನೆದರ್‌ಲ್ಯಾಂಡ್ಸ್‌ನ ಕ್ಯೂಕೆನ್‌ಹಾಫ್ ತೋಟ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. 32 ಹೆಕ್ಟೇರ್, 70 ಲಕ್ಷ ಗೆಡ್ಡೆ ನೆಡುತ್ತಾರೆ. ಮೇ ಎರಡನೇ ವಾರಕ್ಕೆ ಹೂವು ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಉಟ್ರೆಕ್ಟ್ ಮೊದಲು ಮಾಡಿ, ಬಾನ್ ಆಮೇಲೆ. ಏಪ್ರಿಲ್ 27 ಅಲ್ಲಿ ರಾಜನ ಹುಟ್ಟುಹಬ್ಬ. ಊರೆಲ್ಲಾ ಕಿತ್ತಳೆ ಬಣ್ಣ. ಮಕ್ಕಳು ಬೀದಿಯಲ್ಲಿ ಚಾದರ ಹಾಸಿ ತಮ್ಮ ಹಳೇ ಆಟಿಕೆ, ಪುಸ್ತಕ ಮಾರುತ್ತಾ ಕೂತಿರುತ್ತಾರೆ. ನಿಮ್ಮ ಮಕ್ಕಳಿಗೆ ಕೈಗೆ ಐದೈದು ಯೂರೊ ಕೊಟ್ಟು ಬಿಟ್ಟುಬಿಡಿ. ಆ ದಿನ ರೈಲು ಮಾತ್ರ ಹತ್ತಬೇಡಿ, ಕಾಲಿಡಲು ಜಾಗ ಇರಲ್ಲ. ನಾಜಿಗಳಿಗೆ ಹೆದರಿ ಅಡಗಿದ್ದು ಡೈರಿ ಬರೆದ ಹುಡುಗಿ ಆನ್ ಫ್ರಾಂಕ್ ಇದ್ದ ಮನೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ಅದನ್ನು ನೋಡುವುದಾದರೆ, ಪ್ರತಿ ಮಂಗಳವಾರ ಆರು ವಾರ ಮುಂದಿನ ಟಿಕೆಟ್ ಬಿಡುತ್ತಾರೆ. 13 ವರ್ಷದ ಮಗಳಿದ್ದಾಳೆ ಅಂದಿರಿ. ಆನ್ ಡೈರಿ ಬರೆಯಲು ಶುರು ಮಾಡಿದಾಗ ಅವಳಿಗೂ 13.

ಹಿಮ: ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಕ್ 3,454 ಮೀಟರ್ ಎತ್ತರದಲ್ಲಿದೆ. 1912ರಿಂದ ಬೆಟ್ಟದ ಹೊಟ್ಟೆ ಕೊರೆದು ರೈಲು ಓಡುತ್ತಿದೆ. ಮೇಲೆ ಗಾಳಿ ತೆಳು. 68 ವರ್ಷದವರು ಹೋಗುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಮೇಲೆ ಇಳಿದ ತಕ್ಷಣ ನಡೆಯಬಾರದು, ಕೂತು ನೀರು ಕುಡಿದು ನಿಧಾನವಾಗಿ ಏಳಬೇಕು. ನನ್ನ ದೊಡ್ಡಮ್ಮನಿಗೆ ತಲೆ ಸುತ್ತು ಬಂದು ಮುಂದಿನ ರೈಲಿಗೇ ಇಳಿಸಿಕೊಂಡು ಬಂದೆವು. ಮೋಡ ಇದ್ದರೆ ಮೇಲೆ ಏನೂ ಕಾಣಲ್ಲ, ದುಡ್ಡೂ ದಂಡ. ಬೆಳಿಗ್ಗೆ ಎದ್ದು ಮೇಲಿನ ಕ್ಯಾಮೆರಾ ಚಿತ್ರ ನೋಡಿ ಆಮೇಲೆ ಟಿಕೆಟ್ ತಗೊಳ್ಳಿ. ಸ್ವಿಸ್ ಪಾಸ್ (ಅಲ್ಲಿನ ರೈಲು, ಬಸ್ಸಿನ ಪಾಸು) ಇದ್ದರೂ ಮೇಲಿನ ತುದಿಗೆ ಬೇರೆ ದುಡ್ಡು ಕೊಡಬೇಕು. ಡಾಕ್ಟರ್ ಬೇಡ ಅಂದರೆ ಲೌಟರ್‌ಬ್ರುನೆನ್ ಕಣಿವೆಯಲ್ಲಿ ಇರಿ. ಸುಮಾರು 300 ಮೀಟರ್ ಎತ್ತರದಿಂದ ಊರಿನ ನೆತ್ತಿ ಮೇಲೇ ಜಲಪಾತ ಬೀಳುತ್ತದೆ. ಮೇ ಶುರುವಿನಲ್ಲಿ ಸ್ವಲ್ಪ ಮೇಲಿನ ಹಳ್ಳಿಗಳ ಅಂಚಲ್ಲೂ ಕರಗದ ಹಿಮ ಸಿಗುವುದುಂಟು.

ಕುಡ್ಲದ ಹೆಂಚು

ಬಾನ್‌ನಿಂದ ಸ್ವಿಟ್ಜರ್ಲೆಂಡಿಗೆ ರೈಲಿನಲ್ಲಿ ಹೋಗುವಾಗ ಬಾಸೆಲ್ ದಾಟುತ್ತೀರಿ. ಅದನ್ನು ಸುಮ್ನೆ ದಾಟಬೇಡಿ.

ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಊರು ಅದು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್, ನಮ್ಮೂರಿಗೆ ಹೆಂಚಿನ ಕಾರ್ಖಾನೆ ತಂದವರು, ಎಲ್ಲರೂ ಅಲ್ಲಿಂದಲೇ ಹೊರಟು ಬಂದವರು. ಕಿಟೆಲ್ ಅವರೂ ಅಷ್ಟೇ. 1853ರಲ್ಲಿ ನಮ್ಮ ನಾಡಿಗೆ ಬಂದರು. ಸುಮಾರು 70,000 ಪದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು. 1903ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು. ರೈಲು ಬದಲಿಸುವಾಗ ಎರಡು ಗಂಟೆ ಸಿಕ್ಕರೆ ರೈನ್ ದಂಡೆಗೆ ಹೋಗಿ ನಿಂತು ಮಕ್ಕಳಿಗೆ ಇಷ್ಟು ಹೇಳಿ. ನೀವು ಬಾನ್‌ನಲ್ಲಿ ನೋಡುವ ನದಿಯೇ ಅಲ್ಲೂ ಹರಿಯುತ್ತದೆ.

ಒಂಟಿಕೊಪ್ಪಲು

ಹೆಂಚಿನವರೇ, ನನ್ನ ಗೆಳೆಯ ನಮ್ಮನ್ನು ಟ್ಯೂಬಿಂಗನ್‌ಗೆ ಕರೆದುಕೊಂಡು ಹೋಗಿದ್ದ. ಸ್ಟುಟ್‌ಗಾರ್ಟ್‌ನಿಂದ ಹತ್ತಿರ. ನೆಕ್ಕರ್ ನದಿಯ ಗೋಡೆ ಮೇಲೆ ಕೂತು ಇಬ್ಬರೂ ಹೈಸ್ಕೂಲಿನ ಕನ್ನಡ ಮೇಷ್ಟರನ್ನು ನೆನೆದೆವು. ಆ ಮೇಷ್ಟರ ಮೇಜಿನ ಮೇಲೆ ಬೈಂಡು ಕಿತ್ತುಹೋದ ಕಿಟೆಲ್ ನಿಘಂಟು ಯಾವಾಗಲೂ ಇರುತ್ತಿತ್ತು. ಇದು ಯಾವ ಟೂರಿನ ಪಟ್ಟಿಯಲ್ಲೂ ಇರುವುದಿಲ್ಲ. ಅಲ್ಲಿರುವ ಗೆಳೆಯರಿಗೆ ಮಾತ್ರ ಹೊಳೆಯುತ್ತದೆ.

ತುಂಗಾತೀರ

ಈ ಚರ್ಚೆ ಓದಿ ಅಪ್ಪನಿಗೆ ಓದಿ ಹೇಳಿದೆ. "ಮಕ್ಕಳಿಗೆ ರಜೆ ಇದೆ, ಗೆಳತಿಯೂ ಇದ್ದಾಳೆ, ಆ ಹುಡುಗಿ ಬಾನ್‌ಗೇ ಹೋಗಲಿ" ಅಂದರು. ಅಪ್ಪನ ಮಾತು ತಲುಪಿಸಿದ್ದೇನೆ.

ಬೆಣ್ಣೆದೋಸೆ ಊರಿನವಳು

ತುಂಗಾತೀರ ಅವರೇ, ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ನಿನ್ನೆ ರಾತ್ರಿ ಗೆಳತಿಗೆ ಫೋನ್ ಮಾಡಿದೆ. ವೆನಿಸ್, ರೋಮ್ ಬಿಟ್ಟೆವು, ನಿನ್ನ ಮನೆಯಲ್ಲಿ 6 ರಾತ್ರಿ ಇರುತ್ತೇವೆ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಯಾವ ವಾರ ಹೇಳು, ನಾಳೆನೇ ರಜೆ ಬರೆದುಕೊಡುತ್ತೇನೆ" ಅಂದಳು. ಪೇಡಾ ತರುವ ಹಾಗಿಲ್ಲವಂತೆ, ಏನು ತರಲಿ ಅಂದೆ. ನಮ್ಮಮ್ಮ ಹಾಸ್ಟೆಲಿಗೆ ಕಳಿಸುತ್ತಿದ್ದ ಅಗಸಿ ಚಟ್ನಿಪುಡಿ ಬೇಕಂತೆ. ಅಮ್ಮ ಈಗ ಇಲ್ಲ. ಅವರ ಅಳತೆ ನನಗೆ ಗೊತ್ತಿದೆ. ಈ ಭಾನುವಾರ ಒಮ್ಮೆ ಮಾಡಿ ನೋಡುತ್ತೇನೆ.

ಏಪ್ರಿಲ್ 25ಕ್ಕೆ ಹೊರಡುತ್ತೇವೆ. ಮೊದಲು ಉಟ್ರೆಕ್ಟ್, ಹೇಮಾವತಿ ಅವರು ಹೇಳಿದ ಹಾಗೆ. ರೈನ್ ದಂಡೆ ಅಕ್ಕ, ಆಹ್ವಾನ ಪತ್ರದಲ್ಲಿ ಐದೂ ಜನರ ಪಾಸ್‌ಪೋರ್ಟ್ ನಂಬರ್ ಬರೆಸಬೇಕಾ? ಅತ್ತೆಯ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ.

ರೈನ್ ದಂಡೆ

ಐದೂ ಜನರ ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ನಂಬರ್ ಇದ್ದರೆ ಒಳ್ಳೆಯದು. ಅತ್ತೆಯದು ಬಂದ ಮೇಲೇ ಪತ್ರ ಬರೆಸಿ. ಕಲೋನ್‌ಗೆ ಬಂದ ದಿನ ನನಗೂ ಒಂದು ಮೆಸೇಜ್ ಹಾಕಿ. ಮಕ್ಕಳು ಗೋಪುರ ಹತ್ತುವಾಗ ಅತ್ತೆಯ ಪಕ್ಕ ನಾನು ಕೂತಿರುತ್ತೇನೆ.